ಹದಿನೈದು ಹೆಸರಿನ ಚೀಟಿ

ನಮ್ಮ ರಾಜ್ಯಶಾಸ್ತ್ರದ ಪಾಠಗಳಲ್ಲಿ ಅಮೆರಿಕದ ಸಂವಿಧಾನಕ್ಕೆ ದೊಡ್ಡ ಸ್ಥಾನವಿದೆ. ಅಧಿಕಾರಗಳ ವಿಭಜನೆ, ಸೆನೆಟ್ಟಿನ ರಚನೆ, ಅಧ್ಯಕ್ಷನ ಅಧಿಕಾರ, ಇವುಗಳನ್ನೆಲ್ಲ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಉತ್ತರಪತ್ರಿಕೆಯಲ್ಲಿಯೇ ಬಿಟ್ಟು ಬಂದವರು ನಾವು. ನಾನೂ ಅದಕ್ಕೆ ಹೊರತಲ್ಲ. ಆದರೆ ಅಧ್ಯಾಪಕರು ಒಮ್ಮೆ ಪ್ರಾಸಂಗಿಕವಾಗಿ, ಗಂಟೆ ಹೊಡೆಯಲು ಇನ್ನೈದು ನಿಮಿಷವಿದೆಯೆಂದು ಹೇಳಿದ ಒಂದು ಸಂಗತಿ ಮಾತ್ರ ನನ್ನನ್ನು ಬಿಡದೆ ಹಿಂಬಾಲಿಸಿತು. ಅದು ೧೭೯೬ರಲ್ಲಿ ಪೆನ್ಸಿಲ್ವೇನಿಯ ಸಂಸ್ಥಾನವು ಅಧ್ಯಕ್ಷನ ಆಯ್ಕೆಗೆ ಮತ ಕೊಟ್ಟ ಕಥೆ. ಆಮೇಲೆ ಗ್ರಂಥಾಲಯದಲ್ಲಿ ಕುಳಿತು ಅದನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆ. ಅದರ ಬಗೆಗೆ ನನ್ನದೊಂದು ಅಭಿಪ್ರಾಯವಿದೆ. ಸಹಪಾಠಿಗಳಲ್ಲಿ ಹಲವರು ಅದನ್ನು ಒಪ್ಪಿಲ್ಲ. ಅಧ್ಯಾಪಕರಿಗೂ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಹೇಳುವ ಧೈರ್ಯ ಮಾಡುತ್ತೇನೆ.

ಮೊದಲು ಕಥೆ. ೧೭೯೬ರ ಸೆಪ್ಟೆಂಬರ್ ತಿಂಗಳಲ್ಲಿ ಜಾರ್ಜ್ ವಾಷಿಂಗ್ಟನ್ನನು ತಾನು ಮೂರನೆಯ ಬಾರಿ ಅಧ್ಯಕ್ಷನಾಗುವುದಿಲ್ಲವೆಂದು ಫಿಲಡೆಲ್ಫಿಯದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಆಗ ಫಿಲಡೆಲ್ಫಿಯವೇ ದೇಶದ ರಾಜಧಾನಿ. ಅಲ್ಲಿಯವರೆಗೆ ಎಲ್ಲರೂ ಒಪ್ಪಿದ ಒಬ್ಬ ಮನುಷ್ಯನಿದ್ದನು. ಇನ್ನು ಮುಂದೆ ಇಬ್ಬರಲ್ಲಿ ಒಬ್ಬನನ್ನು ಆರಿಸಬೇಕಾಯಿತು. ಫೆಡರಲಿಸ್ಟರ ಕಡೆಯಿಂದ ಜಾನ್ ಆಡಮ್ಸ್, ರಿಪಬ್ಲಿಕನ್ನರ ಕಡೆಯಿಂದ ಥಾಮಸ್ ಜೆಫರ್ಸನ್. (ಈ ರಿಪಬ್ಲಿಕನ್ನರಿಗೂ ಇಂದು ಅದೇ ಹೆಸರನ್ನು ಹೊತ್ತ ಪಕ್ಷಕ್ಕೂ ಸಂಬಂಧವಿಲ್ಲ, ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆದು ನಾನು ಎರಡು ಅಂಕ ಕಳೆದುಕೊಂಡಿದ್ದೇನೆ.)

ಅಮೆರಿಕದ ಪ್ರಜೆ ಅಧ್ಯಕ್ಷನಿಗೆ ನೇರವಾಗಿ ಮತ ಕೊಡುವುದಿಲ್ಲವೆಂಬುದು ನಮಗೆಲ್ಲ ತಿಳಿದ ವಿಷಯವೇ. ಪ್ರತಿಯೊಂದು ಸಂಸ್ಥಾನವೂ ಇಷ್ಟು ಮಂದಿ ಚುನಾಯಕರನ್ನು ಆರಿಸುತ್ತದೆ. ಆ ಚುನಾಯಕರು ಸೇರಿ ಅಧ್ಯಕ್ಷನನ್ನು ಆರಿಸುತ್ತಾರೆ. ಜನರೆಲ್ಲರಿಗೂ ದೂರದ ಅಭ್ಯರ್ಥಿಗಳ ಗುಣದೋಷ ತಿಳಿಯುವುದು ಕಷ್ಟ. ತಿಳಿವಳಿಕೆಯುಳ್ಳ ಕೆಲವರು ಶಾಂತವಾಗಿ ಕುಳಿತು ವಿಚಾರ ಮಾಡಿದರೆ ಒಳ್ಳೆಯವನು ಸಿಗುತ್ತಾನೆ ಎಂದು ಅಲೆಗ್ಸಾಂಡರ್ ಹ್ಯಾಮಿಲ್ಟನ್ ೧೭೮೮ರಲ್ಲಿಯೇ ಈ ಏರ್ಪಾಡನ್ನು ಸಮರ್ಥಿಸಿದ್ದನು. ಅಂದರೆ ಚುನಾಯಕನು ಯೋಚಿಸುವ ಮನುಷ್ಯನಾಗಿರಬೇಕೆಂಬುದೇ ಮೂಲದ ಎಣಿಕೆ. ಇದನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ನನ್ನ ವಿರುದ್ಧವೇ ಇದು ಬರುತ್ತದೆ.

ಆ ವರ್ಷ ಹಲವು ಸಂಸ್ಥಾನಗಳಲ್ಲಿ ಚುನಾಯಕರನ್ನು ಶಾಸನಸಭೆಗಳೇ ನೇಮಿಸಿದವು. ನ್ಯೂಯಾರ್ಕಿನ ಸಾಮಾನ್ಯ ಪ್ರಜೆಗೆ ಅಂದು ಈ ವಿಷಯದಲ್ಲಿ ಮತವೇ ಇರಲಿಲ್ಲ. ಪೆನ್ಸಿಲ್ವೇನಿಯದಲ್ಲಿ ಹಾಗಲ್ಲ. ಅಲ್ಲಿ ೧೭೯೦ರ ಸಂವಿಧಾನದ ಪ್ರಕಾರ ಇಪ್ಪತ್ತೊಂದು ವಯಸ್ಸಾಗಿ, ಎರಡು ವರ್ಷ ಸಂಸ್ಥಾನದಲ್ಲಿ ವಾಸವಾಗಿದ್ದು, ತೆರಿಗೆ ಕೊಟ್ಟ ಸ್ವತಂತ್ರ ಪುರುಷರಿಗೆ ಮತವಿತ್ತು. ಸ್ತ್ರೀಯರಿಗೆ ಇರಲಿಲ್ಲ, ಗುಲಾಮರಿಗೆ ಇರಲಿಲ್ಲ. ಆದರೂ ಆ ಕಾಲಕ್ಕೆ ಅದು ವಿಶಾಲವಾದ ಬಾಗಿಲೆಂದೇ ಹೇಳಬೇಕು. ಸಂಸ್ಥಾನಕ್ಕೆ ಹದಿನೈದು ಚುನಾಯಕರು. ಇಡೀ ಸಂಸ್ಥಾನವೇ ಒಂದು ಕ್ಷೇತ್ರ. ಒಬ್ಬೊಬ್ಬ ಮತದಾರನೂ ಹದಿನೈದು ಹೆಸರುಗಳಿಗೆ ಮತ ಕೊಡಬೇಕು.

ಇಲ್ಲಿಂದ ಮುಂದಿನ ಭಾಗವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಮತಪತ್ರವನ್ನು ಸರಕಾರ ಅಚ್ಚು ಹಾಕಿಸಿ ಕೊಡುತ್ತಿರಲಿಲ್ಲ. ಅಚ್ಚಾದ ಚೀಟಿ ಸಲ್ಲುತ್ತಲೂ ಇರಲಿಲ್ಲ. ಹದಿನೈದು ಹೆಸರುಗಳನ್ನೂ ಕೈಯಲ್ಲಿ ಬರೆದಿರಬೇಕು! ಆ ಹೆಸರುಗಳಾದರೂ ಸುಲಭದವೇ? ಮ್ಯೂಲೆನ್‌ಬರ್ಗ್, ಮೆಕೀನ್, ಮೆಕ್‌ಲೇ. ಜರ್ಮನರದು ಕೆಲವು, ಸ್ಕಾಟರದು ಕೆಲವು, ಐರಿಷರದು ಕೆಲವು. ನಾನು ಒಂದು ರಾತ್ರಿ ಕುತೂಹಲಕ್ಕಾಗಿ ನಮ್ಮ ಹಾಸ್ಟೆಲಿನ ಹದಿನೈದು ಹುಡುಗರ ಹೆಸರನ್ನು, ಇನಿಷಿಯಲ್ ಸಹಿತ, ಅಡ್ಡಾದಿಡ್ಡಿಯಾಗದಂತೆ ಒಂದು ಚೀಟಿಯ ಮೇಲೆ ಬರೆದು ನೋಡಿದೆ. ಆರು ನಿಮಿಷ ಹಿಡಿಯಿತು. ನನ್ನ ತಂದೆಯವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಅವರಾದರೆ ಅರ್ಧ ದಿನ ಹಿಡಿಯುತ್ತಿತ್ತು. ನನ್ನ ಅಜ್ಜಿ ಹೆಬ್ಬೆಟ್ಟು ಒತ್ತುವವರು. ಈ ಕಾನೂನು ನಮ್ಮಲ್ಲಿದ್ದಿದ್ದರೆ ನಾನು ಮನೆತನದ ಮೊದಲನೆಯ ಪದವೀಧರನಾಗುವುದಕ್ಕೆ ಮುಂಚೆ ಮೊದಲನೆಯ ಮತದಾರನಾಗಿರುತ್ತಿದ್ದೆ. ನಮ್ಮ ದೇಶದಲ್ಲಿ ೧೯೫೧-೫೨ರ ಮೊದಲ ಮಹಾಚುನಾವಣೆಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆಯಿಟ್ಟು, ಪೆಟ್ಟಿಗೆಗೊಂದು ಚಿಹ್ನೆ ಅಂಟಿಸಿ, ಓದು ಬಾರದವರ ಕೈಗೂ ಮತವನ್ನು ಕೊಟ್ಟವರ ದೊಡ್ಡತನ ಆ ರಾತ್ರಿ ನನಗೆ ಅರ್ಥವಾಯಿತು. ಇರಲಿ, ಮಾತು ಬೇರೆ ಕಡೆಗೆ ಹೋಯಿತು.

ಪೆನ್ಸಿಲ್ವೇನಿಯದಲ್ಲಿ ಈ ತೊಡಕಿಗೆ ಉಪಾಯ ಹುಡುಕಿದವನು ಜಾನ್ ಬೆಕ್ಲಿ ಎಂಬಾತ. ಇವನು ಪ್ರತಿನಿಧಿ ಸಭೆಯ ಪ್ರಧಾನ ಗುಮಾಸ್ತ. ಒಳಗೊಳಗೆ ಜೆಫರ್ಸನ್ನನ ಪಕ್ಷದವನು. ಜನರು ಬರೆಯಲಾರರಾದರೆ ಬರೆದೇ ಕೊಡೋಣ ಎಂದನು. ಕಾರ್ಯಕರ್ತರು, ಸ್ನೇಹಿತರು, ಯಾರು ಯಾರಿಗೆ ಕೈಬರಹ ಬರುತ್ತಿತ್ತೋ ಅವರೆಲ್ಲ ಕುಳಿತು ಬರೆದರು. ಸುಮಾರು ೩೦ ಸಾವಿರ ಚೀಟಿಗಳು ಸಿದ್ಧವಾದುವೆಂದು ಇತಿಹಾಸಕಾರರು ಹೇಳುತ್ತಾರೆ. ಒಂದೊಂದರಲ್ಲಿ ಹದಿನೈದು ಹೆಸರೆಂದರೆ ನಾಲ್ಕೂವರೆ ಲಕ್ಷ ಹೆಸರುಗಳು! ಕುದುರೆಗಳ ಮೇಲೆ ಆ ಚೀಟಿಗಳು ಬೆಟ್ಟಗಳಾಚೆಯ ಪಶ್ಚಿಮದ ಹಳ್ಳಿಗಳಿಗೆ ಹೋದವು. ಅಲ್ಲಿಯ ರೈತರಿಗೆ ಫೆಡರಲಿಸ್ಟರ ಮೇಲೆ ಮೊದಲೇ ಸಿಟ್ಟಿತ್ತು. ಬೆಟ್ಟ ದಾಟಿಸಿ ಧಾನ್ಯ ಸಾಗಿಸುವ ಖರ್ಚು ತಾಳಲಾರದೆ ಅವರು ಅದರಿಂದ ವಿಸ್ಕಿ ಭಟ್ಟಿಯಿಳಿಸಿ ಮಾರುತ್ತಿದ್ದರು. ೧೭೯೧ರಲ್ಲಿ ಸರಕಾರ ಅದರ ಮೇಲೆ ತೆರಿಗೆ ಹಾಕಿತು. ೧೭೯೪ರಲ್ಲಿ ಅವರು ದಂಗೆಯೆದ್ದಾಗ ವಾಷಿಂಗ್ಟನ್ನನೇ ಸೈನ್ಯದೊಡನೆ ಹೊರಟನು. ಅಂಥ ಜನಕ್ಕೆ ಬರೆದ ಚೀಟಿ ಕೈಗೆ ಸಿಕ್ಕಿದರೆ ಸಾಕಾಗಿತ್ತು. ಇತ್ತ ಫಿಲಡೆಲ್ಫಿಯದಲ್ಲಿ ಫ್ರಾನ್ಸಿನ ರಾಯಭಾರಿ ಅಡೆ ಎಂಬಾತನು, ಅಮೆರಿಕವು ಇಂಗ್ಲೆಂಡಿನ ಕಡೆಗೆ ವಾಲಿದ್ದು ಫ್ರಾನ್ಸಿಗೆ ಸಹಿಸದೆಂದು, ಸರಿಯಾಗಿ ಚುನಾವಣೆಯ ಹೊಸ್ತಿಲಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದನು. ಪರದೇಶದ ರಾಯಭಾರಿ ಇನ್ನೊಂದು ದೇಶದ ಚುನಾವಣೆಯಲ್ಲಿ ಕೈಹಾಕುವುದು ಇತ್ತೀಚಿನ ರೋಗವೇನಲ್ಲ.

ನವೆಂಬರ್ ೪ರಂದು ಮತದಾನ. ಬಿದ್ದ ಮತದಾರರ ಸಂಖ್ಯೆ ಸುಮಾರು ೨೪ ಸಾವಿರ. ಎರಡು ಪಟ್ಟಿಗಳ ನಡುವಣ ಅಂತರ ಕೆಲವೇ ನೂರು. ಮತ ಬೀಳುವುದು ಪಟ್ಟಿಗಲ್ಲ, ಒಂದೊಂದು ಹೆಸರಿಗೆ. ಆದ್ದರಿಂದ ಮೇಲಿನ ಹದಿನೈದು ಹೆಸರುಗಳನ್ನು ಎಣಿಸಿದಾಗ ಹದಿಮೂವರು ಜೆಫರ್ಸನ್ನನ ಕಡೆಯವರು, ಇಬ್ಬರು ಆಡಮ್ಸನ ಕಡೆಯವರು ಬಂದರು. ಆ ಇಬ್ಬರೆಂದರೆ ಲ್ಯಾಂಕಾಸ್ಟರಿನ ಕಬ್ಬಿಣದ ಕುಲುಮೆಗಳ ಒಡೆಯ ರಾಬರ್ಟ್ ಕೋಲ್‌ಮನ್, ಮತ್ತು ಸ್ಯಾಮ್ಯುಅಲ್ ಮೈಲ್ಸ್.

ಈ ಮೈಲ್ಸ್ ಸಾಮಾನ್ಯನಲ್ಲ. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಹೋರಾಡಿದವನು. ೧೭೭೬ರಲ್ಲಿ ಲಾಂಗ್ ಐಲೆಂಡ್ ಯುದ್ಧದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿ ಸೆರೆಯಾಗಿದ್ದವನು. ೧೭೯೦ರಲ್ಲಿ ಫಿಲಡೆಲ್ಫಿಯದ ಮೇಯರ್ ಆದವನು. ಹೇಡಿಯೆಂದಾಗಲಿ ಅವಿವೇಕಿಯೆಂದಾಗಲಿ ಅವನನ್ನು ಯಾರೂ ಕರೆಯಲಾರರು. ಡಿಸೆಂಬರ್ ೭ರಂದು ಚುನಾಯಕರು ಮತ ಕೊಟ್ಟರು. ಆಗಿನ ನಿಯಮದಂತೆ ಒಬ್ಬೊಬ್ಬರಿಗೆ ಎರಡೆರಡು ಮತ. ಅಧ್ಯಕ್ಷ ಉಪಾಧ್ಯಕ್ಷರೆಂದು ಬೇರೆ ಬೇರೆ ಮತವಿರಲಿಲ್ಲ (ಅದು ಬಂದದ್ದು ೧೮೦೪ರ ತಿದ್ದುಪಡಿಯಿಂದ). ಕೋಲ್‌ಮನ್ನನು ತನ್ನ ಪಕ್ಷದ ಆಡಮ್ಸನಿಗೂ ಥಾಮಸ್ ಪಿಂಕ್ನಿಗೂ ಕೊಟ್ಟನು. ಮೈಲ್ಸನು ಪಿಂಕ್ನಿಗೆ ಒಂದನ್ನು ಕೊಟ್ಟು, ಇನ್ನೊಂದನ್ನು ಜೆಫರ್ಸನ್ನನಿಗೆ ಕೊಟ್ಟುಬಿಟ್ಟನು. ಪೆನ್ಸಿಲ್ವೇನಿಯದ ಲೆಕ್ಕ ಹೀಗಾಯಿತು: ಜೆಫರ್ಸನ್ ೧೪, ಬರ್ ೧೩, ಪಿಂಕ್ನಿ ೨, ಆಡಮ್ಸ್ ೧.

ಆಡಮ್ಸನ ಪಕ್ಷದ ಮತದಾರನೊಬ್ಬ ಫಿಲಡೆಲ್ಫಿಯದ ಪತ್ರಿಕೆಗೆ ಕೋಪದಿಂದ ಪತ್ರ ಬರೆದನು. ಅದರ ತಾತ್ಪರ್ಯ ಇಷ್ಟು: ಆಡಮ್ಸನೋ ಜೆಫರ್ಸನ್ನನೋ ಎಂದು ನನಗೆ ಬದಲಾಗಿ ತೀರ್ಮಾನಿಸಲೆಂದು ಮೈಲ್ಸನನ್ನು ನಾನು ಆರಿಸಿದೆನೆ? ಇಲ್ಲ, ಅವನನ್ನು ಆರಿಸಿದ್ದು ಕೆಲಸ ಮಾಡಲು, ಯೋಚನೆ ಮಾಡಲು ಅಲ್ಲ. ಪಕ್ಷದ ಮಾತು ಮೀರಿ ಮತ ಕೊಟ್ಟ ಚುನಾಯಕರ ದೊಡ್ಡ ಪಟ್ಟಿಯಲ್ಲಿ ಮೈಲ್ಸನ ಹೆಸರೇ ಮೊದಲನೆಯದೆಂದು ಇಂದಿಗೂ ಎಣಿಸುತ್ತಾರೆ.

ಈ ಪತ್ರವನ್ನು ಅಧ್ಯಾಪಕರು ಹೇಳಿದಾಗ ತರಗತಿಯೆಲ್ಲ ನಕ್ಕಿತು. ಯೋಚನೆ ಮಾಡಬೇಡವೆಂದು ಪ್ರತಿನಿಧಿಗೆ ಹೇಳುವ ಮತದಾರ! ನನ್ನ ಗೆಳೆಯನೊಬ್ಬ ಎದ್ದು, "ಯೋಚಿಸದಿರಲು ಮನುಷ್ಯನೇಕೆ ಸರ್, ಒಂದು ಟಪಾಲು ಪೆಟ್ಟಿಗೆ ಸಾಕಲ್ಲ" ಎಂದನು. ನಾನು ನಗಲಿಲ್ಲ. ನಗಲಾಗಲಿಲ್ಲವೆಂದರೆ ಸರಿ. ನನಗೆ ನಮ್ಮೂರು ನೆನಪಾಯಿತು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಗ್ರಾಮ ಪಂಚಾಯಿತಿಗೆ ಚುನಾವಣೆಯಾಯಿತು. ಪಂಚಾಯಿತಿಯ ಅಧ್ಯಕ್ಷರನ್ನು ಆರಿಸುವವರು ನಾವಲ್ಲ, ನಾವು ಆರಿಸಿದ ಸದಸ್ಯರು. ಆ ಮಟ್ಟಿಗೆ ನಮ್ಮ ಸದಸ್ಯರೂ ಚುನಾಯಕರೇ. ಮೀಸಲಾತಿ ಪ್ರಕಟವಾದ ಮೇಲೆ ನಮ್ಮ ಕೇರಿಯವರೆಲ್ಲ ಜಗಲಿಯ ಮೇಲೆ ಸೇರಿ, ನಲ್ಲಿ ನೀರಿನ ವಿಷಯದಲ್ಲಿ ಮೊದಲಿನಿಂದ ಓಡಾಡಿದ್ದ ಒಬ್ಬ ಹೆಂಗಸಿನ ಹೆಸರು ಹೇಳಿದರು. ನಮ್ಮ ಸದಸ್ಯರು ಎಲ್ಲರೆದುರು ಆಗಲಿ ಎಂದರು. ಮರುದಿನವೇ ಸದಸ್ಯರಲ್ಲಿ ಅರ್ಧದಷ್ಟು ಜನ 'ಪ್ರವಾಸ' ಹೊರಟರು, ನಮ್ಮವರೂ ಹೋದರು. ವಾರದ ಮೇಲೆ ನೇರವಾಗಿ ಆಯ್ಕೆಯ ದಿನಕ್ಕೇ ವ್ಯಾನಿನಲ್ಲಿ ಬಂದಿಳಿದು ಬೇರೆಯವರಿಗೆ ಕೈಯೆತ್ತಿದರು. ವರಸೆಯಲ್ಲಿ ಅವರು ನನಗೆ ಮಾವನಾಗಬೇಕು. ಸಂಜೆ ಮನೆಗೆ ಬಂದು ನನ್ನ ತಂದೆಯವರೊಡನೆ, "ನನ್ ಮನಸ್ಸಾಕ್ಷಿಗೆ ಸರಿ ಕಂಡಂಗೆ ಮಾಡಿದೀನಿ ಭಾವ" ಎಂದರು. ನಮ್ಮ ತಂದೆಯವರು ಬೀಡಿ ಆರಿಸಿ, "ಓಟು ಕೇಳೋಕೆ ಬಂದಾಗ ಆ ಮನಸ್ಸಾಕ್ಷೀನ ಮನೇಲಿ ಬಿಟ್ಟು ಬಂದಿದ್ಯೇನಪ್ಪ?" ಎಂದು ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ.

ಮೈಲ್ಸನನ್ನು ನಾನು ವ್ಯಾನಿನಲ್ಲಿ ಬಂದವರೊಡನೆ ಕೂರಿಸುವುದಿಲ್ಲ. ಅವನು ಯಾರ ಹಣವನ್ನೂ ಮುಟ್ಟಿದವನಲ್ಲ; ಸಂವಿಧಾನದ ಅಕ್ಷರವನ್ನು ಮೀರಿದವನೂ ಅಲ್ಲ. ಚುನಾಯಕನು ಪಕ್ಷ ಹೇಳಿದಂತೆ ಮತ ಕೊಡಬೇಕೆಂದು ಅಲ್ಲೆಲ್ಲೂ ಬರೆದಿಲ್ಲ. ಹ್ಯಾಮಿಲ್ಟನ್ನನ ಎಣಿಕೆಯಂತೆ ನೋಡಿದರಂತೂ ಆ ಹದಿನೈದು ಮಂದಿಯಲ್ಲಿ ನಿಜವಾಗಿ ಯೋಚಿಸಿದವನು ಮೈಲ್ಸನೊಬ್ಬನೇ ಇರಬಹುದು. ನನ್ನ ಗೆಳೆಯನ ವಾದಕ್ಕೆ ಇಷ್ಟು ಬಲವಿದೆಯೆಂದು ಒಪ್ಪುತ್ತೇನೆ.

ಆದರೆ ಆ ಎಣಿಕೆ ೧೭೯೬ರ ನವೆಂಬರಿನಲ್ಲಿ ಉಳಿದಿತ್ತೆ? ಯಾವನಾದರೂ ರೈತ ಮೈಲ್ಸನ ವಿವೇಕವನ್ನು ತೂಗಿ ನೋಡಿ ಅವನ ಹೆಸರು ಬರೆದನೆ? ಹೆಚ್ಚಿನವರಿಗೆ ಅವನ ಮುಖ ಪರಿಚಯವೂ ಇದ್ದಿರಲಾರದು. ಅವರು ಬರೆದದ್ದು ಆಡಮ್ಸ್ ಬೇಕೆಂಬ ಒಂದೇ ಮಾತನ್ನು. ಆ ಒಂದು ಮಾತನ್ನು ಹೇಳಲು ಕಾನೂನು ಅವರಿಂದ ಹದಿನೈದು ಹೆಸರುಗಳನ್ನು ಬರೆಸಿತು. ಮೈಲ್ಸ್ ಎಂಬುದು ಆ ವಾಕ್ಯದಲ್ಲಿ ಒಂದು ಅಕ್ಷರವಾಗಿತ್ತು. ತನ್ನ ಹೆಸರನ್ನು ಆ ಪಟ್ಟಿಗೆ ಸೇರಿಸಲು ಅವನು ಒಪ್ಪಿದಾಗಲೇ ಅದರ ಅರ್ಥಕ್ಕೂ ಒಪ್ಪಿದಂತಾಯಿತು. ಮನಸ್ಸು ಬದಲಾಯಿಸುವ ಹಕ್ಕು ಅವನಿಗೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ತನ್ನ ಒಂದು ಸ್ವಂತ ಮತವನ್ನು ಅವನು ಯಾರಿಗೆ ಬೇಕಾದರೂ ಕೊಡಬಹುದಾಗಿತ್ತು. ಆದರೆ ಡಿಸೆಂಬರಿನಲ್ಲಿ ಅವನ ಕೈಯಲ್ಲಿದ್ದುದು ಅವನ ಸ್ವಂತದ ಮತವಲ್ಲ. ಸಾವಿರಾರು ಮಂದಿ ಬರೆದು ಕೊಟ್ಟ ಮತ. ಮತದಾನಕ್ಕೂ ಚುನಾಯಕರ ಸಭೆಗೂ ನಡುವೆ ಮೂವತ್ತಮೂರು ದಿನಗಳಿದ್ದವು. ನನಗೆ ಈ ಮತ ಬೇಡವೆಂದು ಹಿಂದೆ ಸರಿಯುವ ದಾರಿಯಾದರೂ ಇತ್ತು.

ಪತ್ರ ಬರೆದ ಮತದಾರನ ಮಾತಿನಲ್ಲಿಯೂ ಒಂದು ತಪ್ಪಿದೆ. ಯೋಚನೆ ಮಾಡಬಾರದೆಂದು ಅವನು ಹೇಳಬಾರದಾಗಿತ್ತು. ಯೋಚನೆಯನ್ನು ಅಕ್ಟೋಬರಿನಲ್ಲಿ ಮಾಡಬೇಕಾಗಿತ್ತು ಎಂದು ಹೇಳಬೇಕಾಗಿತ್ತು. ಸಿಟ್ಟಿನಲ್ಲಿ ಬರೆದವರ ವಾಕ್ಯ ಸೊಟ್ಟಗಾಗುವುದು ಸಹಜ.

ಇಷ್ಟು ಹೇಳಿದಾಗ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಬಂತು: ಹಾಗಾದರೆ ೧೯೬೯ರಲ್ಲಿ ನಮ್ಮಲ್ಲಿಯೇ ನಡೆದದ್ದು? ಆ ವರ್ಷ ಮೇ ತಿಂಗಳಲ್ಲಿ ರಾಷ್ಟ್ರಪತಿ ಡಾ. ಝಾಕಿರ್ ಹುಸೇನರು ತೀರಿಕೊಂಡರು. ನಮ್ಮ ಎಸ್. ನಿಜಲಿಂಗಪ್ಪನವರು ಆಗ ಕಾಂಗ್ರೆಸ್ಸಿನ ಅಧ್ಯಕ್ಷರು. ಜುಲೈ ತಿಂಗಳ ಬೆಂಗಳೂರಿನ ಅಧಿವೇಶನದ ಸಂದರ್ಭದಲ್ಲಿ ಪಕ್ಷವು ನೀಲಂ ಸಂಜೀವ ರೆಡ್ಡಿಯವರ ಹೆಸರನ್ನು ಗೊತ್ತುಮಾಡಿತು. ಪ್ರಧಾನಿ ಇಂದಿರಾ ಗಾಂಧಿಯವರು ಶಾಸಕರೂ ಸಂಸದರೂ ಮನಸ್ಸಾಕ್ಷಿಯಂತೆ ಮತ ಕೊಡಲಿ ಎಂದರು, ಆಗಸ್ಟಿನಲ್ಲಿ ವಿ. ವಿ. ಗಿರಿಯವರು ಗೆದ್ದರು, ಅದೇ ವರ್ಷ ಕಾಂಗ್ರೆಸ್ ಒಡೆಯಿತು. ಅಂದು ಗಿರಿಯವರಿಗೆ ಮತವಿತ್ತ ಕಾಂಗ್ರೆಸ್ಸಿಗರೆಲ್ಲ ಮೈಲ್ಸನ ವಂಶಸ್ಥರೇ ಅಲ್ಲವೆ ಎಂದು ಗೆಳೆಯರ ಸವಾಲು.

ಅಲ್ಲವೆಂದೇ ನನ್ನ ಉತ್ತರ. ಆ ಶಾಸಕರನ್ನೂ ಸಂಸದರನ್ನೂ ಜನರು ಆರಿಸಿದ್ದು ಕಾನೂನು ಮಾಡಲು. ಮತ ಕೊಟ್ಟ ದಿನ ಯಾವ ಮತದಾರನ ಮನಸ್ಸಿನಲ್ಲಿಯೂ ರೆಡ್ಡಿಯವರ ಹೆಸರಾಗಲಿ ಗಿರಿಯವರ ಹೆಸರಾಗಲಿ ಇರಲಿಲ್ಲ. ಆ ವಿಷಯದಲ್ಲಿ ಜನರಿಗೆ ಯಾರೂ ಮಾತು ಕೊಟ್ಟಿರಲಿಲ್ಲ. ಅವರು ಮುರಿದದ್ದು ಪಕ್ಷದ ಅಪ್ಪಣೆಯನ್ನು. ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಮೈಲ್ಸನ ಪ್ರಸಂಗದಲ್ಲಾದರೋ ಪ್ರಶ್ನೆ ಒಂದೇ, ಉತ್ತರ ಒಂದೇ. ಆ ಉತ್ತರಕ್ಕಾಗಿಯೇ ಅವನನ್ನು ಆರಿಸಲಾಗಿತ್ತು. ಈ ವ್ಯತ್ಯಾಸವನ್ನು ಅಧ್ಯಾಪಕರು ಒಪ್ಪಿದರು. ಆದರೆ, "ನಡುವೆ ಯುದ್ಧ ಬಂದಿದ್ದರೆ? ಅಭ್ಯರ್ಥಿಯು ಮೋಸಗಾರನೆಂದು ಗೊತ್ತಾಗಿದ್ದರೆ? ಆಗಲೂ ಚುನಾಯಕನು ಕಣ್ಣುಮುಚ್ಚಿಕೊಳ್ಳಬೇಕೆ?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಇಂದಿಗೂ ನೆಟ್ಟಗಿನ ಉತ್ತರವಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಮಾತ್ರ ೨೦೨೦ರಲ್ಲಿ ತನ್ನ ಉತ್ತರವನ್ನು ಕೊಟ್ಟಿದೆ. ೨೦೧೬ರ ಚುನಾವಣೆಯಲ್ಲಿ ಮಾತು ತಪ್ಪಿದ ವಾಷಿಂಗ್ಟನ್ ಸಂಸ್ಥಾನದ ಚುನಾಯಕರಿಗೆ ತಲಾ ಸಾವಿರ ಡಾಲರ್ ದಂಡ ಬಿದ್ದಿತ್ತು; ಸಂಸ್ಥಾನವು ಹಾಗೆ ದಂಡ ಹಾಕಬಹುದೆಂದು ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಆ ತೀರ್ಪಿನಲ್ಲಿ ನಮ್ಮ ಮೈಲ್ಸನ ಪ್ರಸ್ತಾಪವೂ ಬಂದಿದೆ. ಸತ್ತು ಎರಡು ಶತಮಾನಗಳಾದ ಮೇಲೂ ಬೈಸಿಕೊಳ್ಳುವ ಯೋಗ.

ಎಲ್ಲಕ್ಕಿಂತ ವಿಚಿತ್ರವೆಂದರೆ ಮೈಲ್ಸನ ಮತದಿಂದ ಏನೂ ಬದಲಾಗಲಿಲ್ಲ. ಅಧ್ಯಕ್ಷನಾಗಲು ೭೦ ಮತ ಬೇಕಾಗಿತ್ತು. ಆಡಮ್ಸನಿಗೆ ೭೧ ಬಂದವು, ಜೆಫರ್ಸನ್ನನಿಗೆ ೬೮. ಬದಲಿಸಿದ್ದು ಯಾರೂ ನೆನೆಯದ ಕೋಲ್‌ಮನ್ನನ ಮತ. ಜೆಫರ್ಸನ್ನನ ಕಡೆಗೆ ವಾಲಿದ್ದ ಪೆನ್ಸಿಲ್ವೇನಿಯ, ವರ್ಜೀನಿಯ, ಉತ್ತರ ಕೆರೊಲಿನ ಈ ಮೂರು ಸಂಸ್ಥಾನಗಳಿಂದ ಆಡಮ್ಸನಿಗೆ ಒಂದೊಂದು ಒಂಟಿ ಮತ ಬಂದಿತ್ತು. ಅವುಗಳಲ್ಲಿ ಎರಡು ಅತ್ತ ಹೋಗಿದ್ದರೆ ಜೆಫರ್ಸನ್ನನು ನಾಲ್ಕು ವರ್ಷ ಮುಂಚೆಯೇ ಅಧ್ಯಕ್ಷನಾಗುತ್ತಿದ್ದನು. ಕೊಟ್ಟ ಮಾತನ್ನು ನಡೆಸಿದ ಕಬ್ಬಿಣದ ಒಡೆಯನಿಗೆ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಚೀಟಿ ಬರೆಸಿದ ಬೆಕ್ಲಿಯಾದರೋ ಮರುವರ್ಷ ಗುಮಾಸ್ತಗಿರಿಯನ್ನೇ ಕಳೆದುಕೊಂಡನು.

ಪೆನ್ಸಿಲ್ವೇನಿಯದ ಜನರ ಗತಿ ೧೮೦೦ರಲ್ಲಿ ಇನ್ನೂ ಕೆಟ್ಟಿತು. ಚುನಾಯಕರನ್ನು ಆರಿಸುವ ವಿಧಾನದ ಬಗ್ಗೆ ಶಾಸನಸಭೆಯ ಎರಡು ಮನೆಗಳಿಗೆ ಒಮ್ಮತ ಬರಲಿಲ್ಲ; ಜನರಿಗೆ ಮತದಾನವೇ ನಡೆಯಲಿಲ್ಲ. ಕೊನೆಗೆ ಎರಡು ಮನೆಗಳವರೂ ಚೌಕಾಸಿ ಮಾಡಿ ಎಂಟು ನಿಮಗೆ, ಏಳು ನಮಗೆ ಎಂದು ಹಂಚಿಕೊಂಡರು. ನಾಲ್ಕು ವರ್ಷಗಳ ಹಿಂದೆ ಹದಿನೈದು ಹೆಸರುಗಳನ್ನು ತಿದ್ದಿ ತಿದ್ದಿ ಬರೆದ ಕೈಗಳು ಆ ವರ್ಷ ಸುಮ್ಮನೆ ಕುಳಿತವು.

ಮೊನ್ನೆ ರಜೆಗೆ ಊರಿಗೆ ಹೋದಾಗ ಈ ಕಥೆಯನ್ನೆಲ್ಲ ತಂದೆಯವರಿಗೆ ಹೇಳಿದೆ. ವಿಸ್ಕಿಯ ತೆರಿಗೆಯ ಭಾಗವನ್ನು ಎರಡು ಸಲ ಹೇಳಿಸಿಕೊಂಡರು. ಮುಂದಿನ ಪಂಚಾಯಿತಿ ಚುನಾವಣೆಯಲ್ಲಿ ನನಗೂ ಮತವಿದೆ. ಮಾವನವರು ಓಟು ಕೇಳಲು ಬಂದೇ ಬರುತ್ತಾರೆ. ಅಧ್ಯಕ್ಷರ ಆಯ್ಕೆಯ ದಿನ ಜಗಲಿಯ ಮಾತಿಗೆ ನಿಲ್ಲುತ್ತೀರೋ ಇಲ್ಲವೋ ಎಂದು ಕೇರಿಯವರೆದುರು ಮೊದಲೇ ಕೇಳಿಬಿಡುತ್ತೇನೆಂದು ಹೇಳಿದೆ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳು. ಆದ್ರೆ ಕಾಫಿ ಕೊಟ್ ಮೇಲೆ ಕೇಳು, ನಂಟಸ್ತನ ಅಲ್ವೆ" ಎಂದರು.